ಎಂಟು ವರ್ಷದ ಮಗಳಿಗೆ ಮೊದಲ ಗಿಟಾರ್: ಯಾವ ಸೈಜ್, ನೈಲಾನ್ ತಂತಿಯೋ ಸ್ಟೀಲ್ ತಂತಿಯೋ?

ತುಂಗಾ ತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸ್. ಶಾಲೆಯ ವಾರ್ಷಿಕೋತ್ಸವದಲ್ಲಿ ದೊಡ್ಡ ಕ್ಲಾಸಿನ ಹುಡುಗಿಯೊಬ್ಬಳು ಗಿಟಾರ್ ನುಡಿಸಿದ್ದನ್ನು ನೋಡಿ ಬಂದಳು, ಆವತ್ತಿನಿಂದ ಅದೇ ಜಪ. ನಾಲ್ಕು ದಿನದ ಆಸೆ ಅಂತ ನಾನು ಸುಮ್ಮನಿದ್ದೆ. ಐದು ತಿಂಗಳಾದರೂ ಬಿಟ್ಟಿಲ್ಲ. ಶೂ ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಮೀಟುತ್ತಾ ಕೂರುತ್ತಾಳೆ. ಬಿಗಿ ಮಾಡಿದರೆ ಸ್ವರ ಮೇಲೆ ಹೋಗುತ್ತದೆ ಅಂತ ಅವಳೇ ಕಂಡುಕೊಂಡು ನನಗೆ ಬಂದು ತೋರಿಸಿದಳು. ಹಾಗಾಗಿ ಈಗ ಕಲಿಸಲೇಬೇಕು ಅಂತ ತೀರ್ಮಾನ ಮಾಡಿದ್ದೇವೆ.

ನನಗೆ ಗಿಟಾರ್ ಗೊತ್ತಿಲ್ಲ. ಚಿಕ್ಕವಳಿದ್ದಾಗ ನಾಲ್ಕು ವರ್ಷ ವೀಣೆ ಕಲಿತಿದ್ದೆ. ಶ್ರುತಿ ಸರಿ ಇದೆಯೋ ಇಲ್ಲವೋ ಅಂತ ಕಿವಿಗೆ ಗೊತ್ತಾಗುತ್ತದೆ, ಅಷ್ಟೇ.

ಮನೆಯಲ್ಲಿ ನನ್ನ ಮೈದುನನ ಹಳೇ ಗಿಟಾರ್ ಇದೆ. ದೊಡ್ಡದು, ಸ್ಟೀಲ್ ತಂತಿ. "ಇರೋದನ್ನೇ ಕೊಡೋಣ, ಆಸಕ್ತಿ ಉಳಿದರೆ ಹೊಸದು ತರೋಣ" ಅಂತಾರೆ ಮನೆಯವರು. ಅದೂ ಸರಿ ಅನಿಸಿತು. ಆದರೆ ತೊಡೆ ಮೇಲೆ ಇಟ್ಟಾಗ ಅದರ ಹಿಂದೆ ಅವಳ ಮುಖ ಅರ್ಧ ಮುಚ್ಚಿಹೋಯಿತು. ಬಲಗೈ ತಂತಿಗೆ ತಲುಪಬೇಕಾದರೆ ಭುಜ ಕಿವಿಯ ತನಕ ಏರಬೇಕು. ತಂತಿ ಒತ್ತಿ ಅಂದರೆ ಎರಡು ಕೈಯಲ್ಲಿ ಒತ್ತಿದಳು. ಆಮೇಲೆ ಬೆರಳು ತೋರಿಸಿ "ಅಮ್ಮ, ಇದು ಕಚ್ಚುತ್ತೆ" ಅಂದಳು.

ಇಲ್ಲಿನ ಒಂದು ಅಂಗಡಿಯಲ್ಲಿ ಕೇಳಿದೆ. 38 ಇಂಚಿನದು ಎಲ್ಲಾ ವಯಸ್ಸಿಗೂ ಆಗುತ್ತದೆ, ಕಣ್ಣು ಮುಚ್ಚಿ ತಗೊಳ್ಳಿ ಅಂದರು. ಇನ್ನೊಬ್ಬರು 3/4 ಸೈಜ್ ಅಂದರು, ಮತ್ತೊಬ್ಬರು 1/2 ಅಂದರು. ಕಲಿಸುವ ಮೇಷ್ಟ್ರು ಸಿಕ್ಕಿದ್ದಾರೆ, ವಾರಕ್ಕೊಂದು ಕ್ಲಾಸ್, ಅವರು ಯಾವುದಾದರೂ ತನ್ನಿ ಅಂದುಬಿಟ್ಟರು.

ಮಗಳ ಎತ್ತರ ನಾಲ್ಕು ಅಡಿ, ಅಳೆದಿದ್ದೇನೆ, 122 ಸೆಂಟಿಮೀಟರ್. ಎಡಗೈಯಲ್ಲಿ ಬರೆಯುತ್ತಾಳೆ, ಅದಕ್ಕೇ ಬೇರೆ ಗಿಟಾರ್ ಬೇಕಾ? ಬ್ಯಾಗ್ ಎಲ್ಲಾ ಸೇರಿ ಎಂಟರಿಂದ ಹತ್ತು ಸಾವಿರದ ತನಕ ಖರ್ಚು ಮಾಡಬಹುದು. ಯಾವುದು ತರಲಿ, ಅಂಗಡಿಯಲ್ಲಿ ಏನು ನೋಡಲಿ, ದಯವಿಟ್ಟು ತಿಳಿದವರು ಹೇಳಿ.

ಆರು ತಂತಿ ಮೇಷ್ಟ್ರು, ಮೈಸೂರು

ಮೇಡಂ, ನಾನು ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಗಿಟಾರ್ ಕಲಿಸುತ್ತಿದ್ದೇನೆ. "ಇದು ಕಚ್ಚುತ್ತೆ" ಅಂದಳಲ್ಲ ನಿಮ್ಮ ಮಗಳು, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಆ ಹಳೇ ಗಿಟಾರ್ ಅವಳ ಕೈಗೆ ಕೊಡಬೇಡಿ. ಸುಮ್ನೆ ಆಸೆ ಕೊಂದ ಹಾಗಾಗುತ್ತದೆ.

ಅವಳಿಗೆ ಬೇಕಾಗಿರುವುದು 3/4 ಸೈಜಿನ ನೈಲಾನ್ ತಂತಿಯ ಗಿಟಾರ್. ಅಂಗಡಿಯಲ್ಲಿ ಕ್ಲಾಸಿಕಲ್ ಗಿಟಾರ್ ಅಂತ ಕೇಳಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದರೆ ಅಂಗಡಿಯಲ್ಲಿ ನಿಮ್ಮ ಮನಸ್ಸು ಬದಲಿಸಲು ತುಂಬಾ ಜನ ಇರುತ್ತಾರೆ.

ಮೊದಲು ಸೈಜ್. 1/2, 3/4 ಅನ್ನುವುದು ಹೆಸರಿಗೆ ಅಷ್ಟೇ, ನಿಜಕ್ಕೂ ಅರ್ಧ, ಮುಕ್ಕಾಲು ಇರುವುದಿಲ್ಲ. ನೋಡಬೇಕಾದ್ದು ತಂತಿಯ ಉದ್ದ, ಅಂದರೆ ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ನಟ್‌ನಿಂದ ಕೆಳಗಿನ ಬ್ರಿಡ್ಜ್ ತನಕ. ನಿಮಗೆ ವೀಣೆ ಗೊತ್ತಲ್ಲ, ಕುದುರೆ ಅನ್ನುತ್ತೀರಲ್ಲ, ಅದೇ ಜಾಗ. ದೊಡ್ಡವರ ಕ್ಲಾಸಿಕಲ್ ಗಿಟಾರಿನಲ್ಲಿ ಈ ಉದ್ದ 650 ಮಿಲಿಮೀಟರ್. ಯಮಹಾದ 3/4 ಸೈಜಿನಲ್ಲಿ 580. ಅವರದ್ದೇ 1/2 ಸೈಜಿನಲ್ಲಿ 535. ತಂತಿ ಗಿಡ್ಡ ಆದಂತೆ ವೀಣೆಯ ಮೆಟ್ಟಿಲಿನಂಥ ಅಡ್ಡ ಪಟ್ಟಿಗಳು, ಅಂದರೆ ಫ್ರೆಟ್‌ಗಳು ಹತ್ತಿರ ಬರುತ್ತವೆ. ನಟ್‌ನಿಂದ ಮೂರನೇ ಫ್ರೆಟ್ ತನಕ ದೊಡ್ಡ ಗಿಟಾರಿನಲ್ಲಿ ಸುಮಾರು 10.3 ಸೆಂಟಿಮೀಟರ್, 3/4ರಲ್ಲಿ 9.2, 1/2ರಲ್ಲಿ 8.5. ಒಂದು ಸೆಂಟಿಮೀಟರ್ ಅಂದರೆ ನಮಗೆ ಏನೂ ಅಲ್ಲ. ಎಂಟು ವರ್ಷದ ಮಗುವಿಗೆ ಕಿರುಬೆರಳ ಉಗುರಿಗಿಂತ ಜಾಸ್ತಿ. ಬೆರಳು ಮುಟ್ಟುತ್ತದೋ ಇಲ್ಲವೋ ಅನ್ನುವುದು ಅಷ್ಟರಲ್ಲೇ ನಿರ್ಧಾರ ಆಗುತ್ತದೆ.

38 ಇಂಚು ಅಂದರಲ್ಲ, ಅದು ಗಿಟಾರಿನ ಇಡೀ ಉದ್ದ, ತಲೆಯಿಂದ ಬಾಲದ ತನಕ. ಅವುಗಳ ತಂತಿ ಉದ್ದ ಹೆಚ್ಚುಕಡಿಮೆ ದೊಡ್ಡ ಗಿಟಾರಿನಷ್ಟೇ ಇರುತ್ತದೆ. 3/4 ಸೈಜಿನದು ಒಟ್ಟು 35, 36 ಇಂಚು ಬರುತ್ತದೆ. ಎಲ್ಲಾ ವಯಸ್ಸಿಗೂ ಆಗುವ ಗಿಟಾರ್ ಅಂತ ಒಂದು ಇಲ್ಲ ಮೇಡಂ.

ಇನ್ನು ತಂತಿ. ನೈಲಾನ್ ಮೆತ್ತಗೆ, ದಪ್ಪ, ಬೆರಳಿಗೆ ಕೊರೆಯುವುದಿಲ್ಲ. ನೋವು ಆಗುವುದೇ ಇಲ್ಲ ಅಂತಲ್ಲ. ಮೊದಲ ಎರಡು ಮೂರು ವಾರ ಬೆರಳ ತುದಿ ಉರಿಯುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ಆದರೆ ಸ್ಟೀಲಿನಲ್ಲಿ ಆ ಮೂರು ವಾರವನ್ನು ದಾಟದೇ ಬಿಟ್ಟುಹೋದ ಮಕ್ಕಳನ್ನು ನಾನು ಎಣಿಸಲಾರದಷ್ಟು ನೋಡಿದ್ದೇನೆ. ನೈಲಾನ್ ಗಿಟಾರಿನ ಕತ್ತು ಸ್ವಲ್ಪ ಅಗಲ, ಚಿಕ್ಕ ಕೈಗೆ ಅದೊಂದು ತೊಂದರೆ, ನಿಜ. ಅದರಿಂದಲೇ ತಂತಿಗಳ ನಡುವೆ ಜಾಗವೂ ಸಿಗುತ್ತದೆ, ಪಕ್ಕದ ತಂತಿಗೆ ಬೆರಳು ತಾಗಿ ಸದ್ದು ಸಾಯುವುದು ಕಡಿಮೆ.

ಎಡಗೈ ವಿಷಯ: ಅಂಗಡಿಯಲ್ಲಿ ಏನೂ ಹೇಳದೆ ಗಿಟಾರ್ ಅವಳ ಕೈಗೆ ಕೊಡಿ. ತಾನಾಗಿ ಯಾವ ಕಡೆ ಹಿಡಿದುಕೊಳ್ಳುತ್ತಾಳೆ ನೋಡಿ. ಮಾಮೂಲಿ ರೀತಿ ಹಿಡಿದರೆ ಮಾಮೂಲಿ ಗಿಟಾರೇ ಸಾಕು. ಎಡಗೈಯವರಾಗಿದ್ದೂ ಎಲ್ಲರಂತೆ ಹಿಡಿದು ನುಡಿಸುವ ದೊಡ್ಡ ಕಲಾವಿದರಿದ್ದಾರೆ, ಡೈರ್ ಸ್ಟ್ರೇಟ್ಸ್ ತಂಡದ ಮಾರ್ಕ್ ನಾಫ್ಲರ್ ಅವರಲ್ಲೊಬ್ಬರು. ಫ್ರೆಟ್ ಮೇಲೆ ಕೆಲಸ ಮಾಡುವುದು ಎಡಗೈ ತಾನೇ, ಅಲ್ಲಿ ಅವಳಿಗೆ ಅನುಕೂಲವೇ ಆಗಬಹುದು. ಆದರೆ ಎರಡು ಮೂರು ಸಲ ಕೊಟ್ಟರೂ ತಿರುಗಿಸಿಯೇ ಹಿಡಿದಳು ಅಂದರೆ ಬಲವಂತ ಮಾಡಬೇಡಿ, ಇಲ್ಲಿ ಬಂದು ಹೇಳಿ, ಬೇರೆ ದಾರಿ ನೋಡೋಣ.

ಹುಬ್ಬಳ್ಳಿ ಅಪ್ಪ

ಅಕ್ಕಾರ, ನಾನು ಮಾಡಿದ ತಪ್ಪು ನೀವು ಮಾಡಬಾರದು ಅಂತ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಒಂಬತ್ತು ವರ್ಷ ಇದ್ದಾಗ ಆನ್‌ಲೈನ್‌ನಲ್ಲಿ ಒಂದು ಸೆಟ್ ತರಿಸಿದೆ. ಗಿಟಾರ್, ಬ್ಯಾಗ್, ಬೆಲ್ಟ್, ಹೆಚ್ಚುವರಿ ತಂತಿ, ಪಿಕ್ ಎಲ್ಲಾ ಸೇರಿ ಮೂರು ಸಾವಿರದ ಒಳಗೆ. ನೋಡಲು ಬಹಳ ಚೆಂದ, ನೀಲಿ ಬಣ್ಣ, ಮಗ ಕುಣಿದಾಡಿದ. ಒಂದು ವಾರ ಮಲಗುವಾಗಲೂ ಪಕ್ಕದಲ್ಲಿ ಇಟ್ಟುಕೊಂಡಿದ್ದ. ಆಮೇಲೆ ನುಡಿಸಲು ಕೂತರೆ ಹತ್ತು ನಿಮಿಷಕ್ಕೆ ಏಳುತ್ತಿದ್ದ. ಕೈ ನೋವು ಅನ್ನುತ್ತಿದ್ದ. ಶ್ರುತಿ ಮಾಡಿಕೊಟ್ಟರೆ ಒಂದು ಹಾಡು ಮುಗಿಯುವ ಮೊದಲೇ ಇಳಿದುಬಿಡುತ್ತಿತ್ತು. ನಾನು, ನಿನಗೆ ಅಭ್ಯಾಸ ಮಾಡಲು ಸೋಮಾರಿತನ ಅಂತ ಬೈದೆ. ಎರಡು ತಿಂಗಳಿಗೆ ಬಿಟ್ಟ.

ಒಂದೂವರೆ ವರ್ಷ ಆದ ಮೇಲೆ ಧಾರವಾಡದಲ್ಲಿ ನನ್ನ ಅಕ್ಕನ ಮನೆಗೆ ಹೋಗಿದ್ದೆವು. ಅಲ್ಲಿ ಅಕ್ಕನ ಮಗನ ಒಳ್ಳೆಯ ಗಿಟಾರ್ ಇತ್ತು. ನಮ್ಮವನು ಸುಮ್ಮನೆ ಕೈಗೆ ತಗೊಂಡ. ಹಿಂದೆ ಕಲಿತಿದ್ದ ಇ ಮೈನರ್ ಅನ್ನುವ ಸ್ವರಗುಚ್ಛ ಒತ್ತಿದ, ಎರಡೇ ಬೆರಳಿನದು. ಆರೂ ತಂತಿ ತುಂಬಿಕೊಂಡು ನುಡಿದವು. ಅವನು ನನ್ನ ಕಡೆ ನೋಡಿ, "ಅಪ್ಪಾ, ಇದರಲ್ಲಿ ನನಗೆ ಬರ್ತದ" ಅಂದ. ನನಗೆ ಎದೆಗೆ ಗುದ್ದಿದ ಹಾಗಾಯಿತು. ಮನೆಗೆ ಬಂದು ನಮ್ಮ ನೀಲಿ ಗಿಟಾರಿನ ಹನ್ನೆರಡನೇ ಫ್ರೆಟ್ ಹತ್ತಿರ ತಂತಿಯ ಎತ್ತರ ಅಳೆದೆ. ಆರು ಮಿಲಿಮೀಟರ್ ಇತ್ತು. ನಾನೇ ಒತ್ತಿದರೂ ಬೆರಳು ಕೆಂಪಾಗುತ್ತಿತ್ತು. ಆ ಒಂಬತ್ತು ವರ್ಷದ ಹುಡುಗ ಎಷ್ಟು ಕಷ್ಟಪಟ್ಟಿದ್ದನೋ, ನಾನು ಬೈದಿದ್ದೆ.

ಅದಕ್ಕೇ ಹೇಳುತ್ತೇನೆ, ಕೈಯಲ್ಲಿ ಹಿಡಿದು ನೋಡದೆ ತರಬೇಡಿ. ಮಗಳನ್ನು ಅಂಗಡಿಗೆ ಕರೆದುಕೊಂಡೇ ಹೋಗಿ. ಅವಳು ಒತ್ತಬೇಕು, ನೀವಲ್ಲ. ಮಗ ಈಗ ಮತ್ತೆ ಕಲಿಯುತ್ತಿದ್ದಾನೆ, ಮೇಷ್ಟ್ರು ಹೇಳಿದಂಥದ್ದೇ ನೈಲಾನ್ ಗಿಟಾರಿನಲ್ಲಿ.

ಮರ ಮತ್ತು ತಂತಿ, ಬೆಂಗಳೂರು

ಹುಬ್ಬಳ್ಳಿ ಅಣ್ಣ ಬರೆದದ್ದು ಓದಿ ಬೇಜಾರಾಯಿತು, ಯಾಕಂದರೆ ನಿಮ್ಮ ಆ ನೀಲಿ ಗಿಟಾರನ್ನು ಸರಿ ಮಾಡಬಹುದಿತ್ತೋ ಏನೋ. ನಾನು ಗಿಟಾರ್ ರಿಪೇರಿ ಕೆಲಸ ಮಾಡುವವನು. ನನ್ನ ಹತ್ತಿರ ಬರುವ ಮಕ್ಕಳ ಗಿಟಾರ್‌ಗಳಲ್ಲಿ ಹೆಚ್ಚಿನವುಗಳ ಕಾಯಿಲೆ ಒಂದೇ: ತಂತಿ ಎತ್ತರ. ಇದನ್ನು ನಾವು ಆ್ಯಕ್ಷನ್ ಅನ್ನುತ್ತೇವೆ. ಬ್ರ್ಯಾಂಡ್ ಯಾವುದೇ ಇರಲಿ, ಮೊದಲು ನೋಡಬೇಕಾದ್ದು ಇದನ್ನು.

ಅಂಗಡಿಗೆ ಸ್ಕೇಲ್ ತಗೊಂಡು ಹೋಗಲು ಮುಜುಗರ ಆದರೆ ಪರ್ಸಿನಲ್ಲಿರುವ ಎಟಿಎಂ ಕಾರ್ಡ್‌ಗಳು ಸಾಕು. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್, ಎಲ್ಲಾ ಬ್ಯಾಂಕಿನದ್ದೂ ಒಂದೇ ಅಳತೆ. ಅಂಕಿ ಉಬ್ಬಿಲ್ಲದ ಸಪಾಟು ಕಾರ್ಡ್ ಆಗಬೇಕು. ಹನ್ನೆರಡನೇ ಫ್ರೆಟ್ ಅಂದರೆ ನೈಲಾನ್ ಗಿಟಾರಿನಲ್ಲಿ ಸಾಮಾನ್ಯವಾಗಿ ಕತ್ತು ದೇಹಕ್ಕೆ ಸೇರುವ ಜಾಗ. ಅಲ್ಲಿ ಅತಿ ದಪ್ಪ ತಂತಿಯ ಕೆಳಗೆ, ಫ್ರೆಟ್ ಮೇಲೆ ಕಾರ್ಡ್‌ಗಳನ್ನು ಒಂದರ ಮೇಲೊಂದು ಇಟ್ಟು ತೂರಿಸಿ ನೋಡಿ. ಸ್ಟೀಲ್ ಗಿಟಾರಿಗೆ ಮೂರು ಕಾರ್ಡ್ ಹಿಡಿದರೆ ಚೆನ್ನಾಗಿದೆ. ನೈಲಾನ್ ತಂತಿ ಜಾಸ್ತಿ ಅಲುಗಾಡುತ್ತದೆ, ಅದಕ್ಕೆ ಸ್ವಲ್ಪ ಎತ್ತರ ಬೇಕೇ ಬೇಕು, ನಾಲ್ಕು ಅಥವಾ ಐದು ಕಾರ್ಡ್. ಐದು ಕಾರ್ಡ್ ಇಟ್ಟ ಮೇಲೂ ಸಡಿಲವಾಗಿ ಜಾಗ ಉಳಿದರೆ ಆ ಗಿಟಾರ್ ಬೇಡ, ಅಥವಾ ಇಳಿಸಿ ಕೊಡುತ್ತೀರಾ ಅಂತ ಅಂಗಡಿಯವರನ್ನು ಕೇಳಿ. ಬ್ರಿಡ್ಜ್ ಮೇಲೆ ಬಿಳಿ ಪಟ್ಟಿ ಇರುತ್ತದಲ್ಲ, ಸ್ಯಾಡಲ್, ಅದರ ಅಡಿಯನ್ನು ಉಜ್ಜಿದರೆ ತಂತಿ ಕೆಳಗೆ ಬರುತ್ತದೆ. ಹನ್ನೆರಡನೇ ಫ್ರೆಟ್ಟಿನಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್ ಎರಡು ಮಿಲಿಮೀಟರ್ ಇಳಿಸಬೇಕು, ಹಾಗಾಗಿ ಇಳಿಸಲು ಅಷ್ಟು ಪಟ್ಟಿ ಹೊರಗೆ ಕಾಣುತ್ತಿದೆಯಾ ಅಂತಲೂ ನೋಡಿ. ತುಂಬಾ ಅಗ್ಗದವುಗಳಲ್ಲಿ ಇಳಿಸಲು ಏನೂ ಉಳಿದಿರುವುದಿಲ್ಲ.

ಮೇಲಿನ ತುದಿಯೂ ಅಷ್ಟೇ ಮುಖ್ಯ. ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ ಹಿಡಿದು, ಮೊದಲನೇ ಫ್ರೆಟ್ ಮೇಲೆ ಎಷ್ಟು ಸಂದು ಇದೆ ನೋಡಿ. ಕೂದಲೆಳೆಯಷ್ಟು ಇರಬೇಕು. ಜಾಸ್ತಿ ಇದ್ದರೆ ನಟ್‌ನ ಕಚ್ಚಿನ ಆಳ ಸಾಲದು ಅಂತ ಅರ್ಥ, ಮಕ್ಕಳು ಮೊದಲು ಕಲಿಯುವ ಸ್ವರಗಳೆಲ್ಲಾ ಅಲ್ಲೇ ಇರುವುದರಿಂದ ಅಲ್ಲಿ ಬಿಗಿಯಾಗಿದ್ದರೆ ಕಷ್ಟವೋ ಕಷ್ಟ.

ನಿಮಗೆ ಕಿವಿ ಇದೆಯಲ್ಲ ಅಕ್ಕ, ಅದನ್ನು ಬಳಸಿ. ಖಾಲಿ ತಂತಿ ಮೀಟಿ, ಆಮೇಲೆ ಅದೇ ತಂತಿಯನ್ನು ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿ. ಮೊದಲನೆಯದು ಸ ಆದರೆ ಎರಡನೆಯದು ಸರಿಯಾಗಿ ಮೇಲಿನ ಸ ಬರಬೇಕು. ಆರೂ ತಂತಿಯಲ್ಲಿ ನೋಡಿ. ಏರಿದ್ದರೆ ಅಥವಾ ಇಳಿದಿದ್ದರೆ ಆ ಗಿಟಾರಿನಲ್ಲಿ ಮಗು ಎಷ್ಟು ಚೆನ್ನಾಗಿ ನುಡಿಸಿದರೂ ಅಪಸ್ವರವೇ ಬರುತ್ತದೆ, ತಪ್ಪು ತನ್ನದೇ ಅಂದುಕೊಳ್ಳುತ್ತದೆ. ಟ್ಯೂನಿಂಗ್ ಕೀಗಳನ್ನೂ ತಿರುಗಿಸಿ ನೋಡಿ, ವೀಣೆಯ ಬಿರಡೆ ಥರ ಬಿಗಿಯಲ್ಲ, ಹಲ್ಲಿನ ಚಕ್ರ ಇರುತ್ತದೆ, ನುಣ್ಣಗೆ ತಿರುಗಬೇಕು.

ಇನ್ನೊಂದು ಎಚ್ಚರಿಕೆ. ಮುಂದೆ ಯಾರಾದರೂ, ಸದ್ದು ಸಾಲದು, ಇದಕ್ಕೇ ಸ್ಟೀಲ್ ತಂತಿ ಹಾಕಿ ಅಂದರೆ ಒಪ್ಪಬೇಡಿ. ದೊಡ್ಡ ಗಿಟಾರಿನಲ್ಲಿ ಸ್ಟೀಲ್ ತಂತಿಗಳು ಆರೂ ಸೇರಿ ಸುಮಾರು 70 ಕೆಜಿ ಎಳೆತ ಹಾಕುತ್ತವೆ, ನೈಲಾನ್ 40 ಕೆಜಿಯ ಆಸುಪಾಸು. ನೈಲಾನ್‌ಗೆ ಅಂತ ಮಾಡಿದ ಗಿಟಾರಿಗೆ ಸ್ಟೀಲ್ ಹಾಕಿದರೆ ಬ್ರಿಡ್ಜ್ ಕಿತ್ತುಬರುತ್ತದೆ. ಹಾಗೆ ಕಿತ್ತುಬಂದದ್ದನ್ನು ಅಂಟಿಸುವುದು ನನಗೆ ತಿಂಗಳಿಗೆ ಒಂದಾದರೂ ಇರುತ್ತದೆ.

ಬೆಣ್ಣೆದೋಸೆ ಊರಿನವನು

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ಮಕ್ಕಳು ಬೇಗ ಬೆಳೆಯುತ್ತಾರೆ. ಈಗ ಎಂಟು ಸಾವಿರ ಕೊಟ್ಟು ಚಿಕ್ಕ ಗಿಟಾರ್ ತಂದರೆ ಮೂರು ವರ್ಷಕ್ಕೆ ಮತ್ತೆ ದೊಡ್ಡದು ತರಬೇಕು. ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮೊತ್ತವಲ್ಲ. ನಾನು ಕಲಿತಿದ್ದು ಹತ್ತನೇ ವಯಸ್ಸಿಗೆ, ಚಿಕ್ಕಪ್ಪನ ದೊಡ್ಡ ಸ್ಟೀಲ್ ಗಿಟಾರಿನಲ್ಲೇ. ಬೆರಳಲ್ಲಿ ರಕ್ತ ಬಂದಿದೆ. ಆದರೆ ಕಲಿತೆ, ಇವತ್ತಿಗೂ ನುಡಿಸುತ್ತೇನೆ. ಮನೆಯಲ್ಲಿರುವ ಗಿಟಾರಿಗೆ ತೆಳು ತಂತಿ ಹಾಕಿಸಿ ಎತ್ತರ ಇಳಿಸಿದರೆ ಸಾವಿರದ ಒಳಗೆ ಕೆಲಸ ಆಗಲ್ವಾ? ಇನ್ನೊಂದು, ಸಿನಿಮಾ ಹಾಡಿಗೆ ಕೈ ಬೀಸಿ ನುಡಿಸುವಾಗ ನೈಲಾನ್ ಸದ್ದು ಮಂಕು ಅನಿಸುತ್ತದೆ. ಮಗುವಿಗೆ ತಾನು ಕೇಳಿದ ಸದ್ದೇ ಬೇಕು ಅಂತ ಆಸೆ ಇರುತ್ತದೆ.

ಆರು ತಂತಿ ಮೇಷ್ಟ್ರು, ಮೈಸೂರು

ದಾವಣಗೆರೆ ಸರ್, ಖರ್ಚಿನ ಮಾತು ನ್ಯಾಯವಾದದ್ದು. ನೀವು ರಕ್ತ ಬಂದರೂ ಬಿಡದೆ ಕಲಿತಿರಲ್ಲ, ಅದಕ್ಕೆ ನನ್ನ ಗೌರವ ಇದೆ. ಆದರೆ ನಿಮ್ಮ ಜೊತೆ ಬಿಟ್ಟುಹೋದವರು ಎಷ್ಟು ಜನ ಅಂತ ನೆನಪಿಸಿಕೊಳ್ಳಿ. ಅಂಗಿಯಾದರೆ ಒಂದು ಸೈಜ್ ದೊಡ್ಡದು ತಂದು ತೋಳು ಮಡಚಬಹುದು. ಗಿಟಾರಿನ ಕತ್ತು ಮಡಚಲು ಬರುವುದಿಲ್ಲ. ತೆಳು ತಂತಿ ಹಾಕಿ ಎತ್ತರ ಇಳಿಸಿದರೆ ಬೆರಳಿನ ನೋವು ಖಂಡಿತ ಕಡಿಮೆಯಾಗುತ್ತದೆ, ಆದರೆ ಆ ದೊಡ್ಡ ಹೊಟ್ಟೆ ಹಾಗೇ ಉಳಿಯುತ್ತದಲ್ಲ. ಭುಜ ಎತ್ತಿಕೊಂಡು, ಬೆನ್ನು ತಿರುಚಿಕೊಂಡು ಕೂತು ಕಲಿತ ಮಗುವಿನ ಭಂಗಿ ತಿದ್ದಲು ನನಗೆ ವರ್ಷಗಳೇ ಹಿಡಿದಿವೆ.

ಚಿಕ್ಕ ಗಿಟಾರ್ ತಂದರೆ ದುಡ್ಡು ಪೂರ್ತಿ ಹೋಗುವುದೂ ಇಲ್ಲ. ಒಳ್ಳೆಯ ಕಂಪನಿಯ 3/4 ಗಿಟಾರನ್ನು ಜೋಪಾನ ಮಾಡಿದರೆ ಅರ್ಧಕ್ಕಿಂತ ಜಾಸ್ತಿ ಬೆಲೆಗೆ ಮಾರಬಹುದು. ನನ್ನ ಕ್ಲಾಸಿನಲ್ಲಿ ಒಂದೇ 3/4 ಗಿಟಾರ್ ನಾಲ್ಕು ಮನೆ ಸುತ್ತಿದೆ, ಈಗ ನಾಲ್ಕನೇ ಮಗುವಿನ ಕೈಯಲ್ಲಿದೆ.

122 ಸೆಂಟಿಮೀಟರ್ ಎತ್ತರ ಅಂದರೆ 1/2 ಮತ್ತು 3/4ರ ಗಡಿಯಲ್ಲಿದ್ದಾಳೆ, ನಾನು ಮೊದಲೇ ಹೇಳಬೇಕಿತ್ತು. 3/4 ಅವಳಿಗೆ ಈಗ ತುಸು ದೊಡ್ಡದೇ. ಅದಕ್ಕೊಂದು ಉಪಾಯ ಇದೆ. ಒಂದು ಕ್ಯಾಪೊ ತಗೊಳ್ಳಿ, ಕತ್ತಿಗೆ ಕಚ್ಚಿಸುವ ಕ್ಲಿಪ್ ಅದು. ನೈಲಾನ್ ಗಿಟಾರಿನ ಫ್ರೆಟ್ ಹಲಗೆ ಸಪಾಟಾಗಿರುವುದರಿಂದ ಕ್ಲಾಸಿಕಲ್‌ಗೆ ಅಂತಲೇ ಕೇಳಿ ತರಬೇಕು. ಅದನ್ನು ಎರಡನೇ ಫ್ರೆಟ್ಟಿಗೆ ಹಾಕಿದರೆ 580 ಮಿಲಿಮೀಟರ್ ತಂತಿ 517 ಆಗುತ್ತದೆ. 1/2 ಸೈಜಿನ ಗಿಟಾರಿಗಿಂತ ಗಿಡ್ಡ! ತಂತಿ ಒತ್ತುವುದೂ ಹಗುರ, ಕೈ ಮೈಗೆ ಹತ್ತಿರ ಬರುತ್ತದೆ, ಶ್ರುತಿ ಎರಡು ಸ್ವರಸ್ಥಾನ ಮೇಲೆ ಹೋಗುವುದರಿಂದ ಮಕ್ಕಳ ದನಿಗೆ ಹಾಡಿಕೊಳ್ಳಲೂ ಅನುಕೂಲ. ಕೈ ಬೆಳೆದಂತೆ ಮೊದಲನೇ ಫ್ರೆಟ್ಟಿಗೆ ತನ್ನಿ, ಆಮೇಲೆ ತೆಗೆದುಬಿಡಿ. ಒಂದೇ ಗಿಟಾರಿನಲ್ಲಿ ಮೂರು ನಾಲ್ಕು ವರ್ಷ ಆರಾಮಾಗಿ ಹೋಗುತ್ತದೆ. ಬೆಳೆಯುವ ಮಕ್ಕಳು ಅಂದಿರಲ್ಲ ಸರ್, ನಿಮ್ಮ ಆ ಚಿಂತೆಗೂ ಇದೇ ಉತ್ತರ.

ಸದ್ದಿನ ಬಗ್ಗೆ ನೀವು ಹೇಳಿದ್ದು ನಿಜ. ಸಿನಿಮಾ ಹಾಡಿನ ಆ ಹೊಳಪು ನೈಲಾನ್‌ನಲ್ಲಿ ಸಿಗುವುದಿಲ್ಲ. ಮಗಳಿಗೆ ಅದೇ ಬೇಕು ಅನಿಸಿದರೆ ಸ್ಟೀಲ್ ತಂತಿಯ ಚಿಕ್ಕ ಗಿಟಾರ್‌ಗಳೂ ಇವೆ, ಯಮಹಾದ ಜೆಆರ್ ಸರಣಿಯದು 540 ಮಿಲಿಮೀಟರ್. ಹತ್ತು, ಹನ್ನೊಂದು ವಯಸ್ಸಿನ ಮಕ್ಕಳಿಗೆ ನಾನು ಅದನ್ನು ಹೇಳುತ್ತೇನೆ. ಎಂಟಕ್ಕೆ ಬೇಡ.

ಕಡಲ ಕರೆ, ಮಂಗಳೂರು

ನಾನು ಇಗರ್ಜಿಯ ಹಾಡಿನ ತಂಡದಲ್ಲಿ ಇಪ್ಪತ್ತು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ, ಇಬ್ಬರು ಮಕ್ಕಳಿಗೂ ಕಲಿಸಿದೆ. ನಮ್ಮ ಕಡೆ ಮನೆಗೊಂದು ಗಿಟಾರ್ ಇರುವುದರಿಂದ ಮಕ್ಕಳ ಗಿಟಾರ್ ಕೈಯಿಂದ ಕೈಗೆ ಹೋಗುತ್ತದೆ. ಹಳೇದು ಸಿಕ್ಕರೆ ಹಿಂಜರಿಯಬೇಡಿ. ಮುಖ್ಯವಾಗಿ ಎರಡು ಜಾಗ ನೋಡಿ. ಬ್ರಿಡ್ಜ್ ಹಿಂದೆ ಕಾಗದ ತೂರಿಸಿ, ಒಳಗೆ ಹೋದರೆ ಅಂಟು ಬಿಡುತ್ತಿದೆ ಅಂತ ಅರ್ಥ. ಗಿಟಾರನ್ನು ಬಂದೂಕಿನ ಹಾಗೆ ಕಣ್ಣಿನ ನೇರಕ್ಕೆ ಹಿಡಿದು ಕತ್ತು ಸೊಟ್ಟ ಆಗಿದೆಯಾ ನೋಡಿ. ಫ್ರೆಟ್ ಹಲಗೆ ಸ್ವಲ್ಪವೇ ಒಳಗೆ ಬಾಗಿದ್ದರೆ ಪರವಾಗಿಲ್ಲ. ತಿರುಚಿಕೊಂಡಿದ್ದರೆ ಬೇಡ.

ನಾನು ಬರೆಯಲು ಬಂದದ್ದು ಮಳೆಗಾಲದ ಬಗ್ಗೆ. ಶಿವಮೊಗ್ಗದಲ್ಲೂ ಮಳೆ ಹಿಡಿದರೆ ಬಟ್ಟೆ ಒಣಗುವುದಿಲ್ಲ ಅಲ್ವಾ. ಮರಕ್ಕೂ ಅದೇ ಕಥೆ. ತೇವ ಕುಡಿದು ಗಿಟಾರಿನ ಮುಂಭಾಗ ಉಬ್ಬುತ್ತದೆ, ಬ್ರಿಡ್ಜ್ ಮೇಲೆದ್ದು ತಂತಿಯ ಎತ್ತರ ಜಾಸ್ತಿಯಾಗುತ್ತದೆ. ಮೇ ತಿಂಗಳಲ್ಲಿ ಸರಿ ಇದ್ದದ್ದು ಜುಲೈನಲ್ಲಿ ಗಟ್ಟಿ ಅನಿಸುತ್ತದೆ, ಮಗು ಕಷ್ಟ ಅಂದರೆ ನಂಬಿ. ಗೋಡೆಗೆ ಒರಗಿಸಿ ಇಡಬೇಡಿ, ಹೊರಗೋಡೆಗಂತೂ ಬೇಡವೇ ಬೇಡ. ಬ್ಯಾಗಿನಲ್ಲಿ ಹಾಕಿ, ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಸೇರಿಸಿ ಬ್ಯಾಗಿನೊಳಗೆ ಇಡಿ, ಮಳೆ ಕಳೆದ ಮೇಲೆ ತೆಗೆದುಬಿಡಿ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟುಹೋಗಬೇಡಿ, ಬಿಸಿಗೆ ಅಂಟು ಸಡಿಲವಾಗುತ್ತದೆ.

ಇದೇ ಕಾರಣಕ್ಕೆ, ಅಂಗಡಿಯವರು ಮುಂಭಾಗ ಇಡೀ ಮರದ್ದು ಅಂತ ಜಾಸ್ತಿ ಬೆಲೆಯದ್ದು ತೋರಿಸಿದರೆ ಮಗುವಿಗೆ ಅದರ ಅಗತ್ಯ ಇಲ್ಲ. ಇಡೀ ಮರದ ಸದ್ದು ಚೆನ್ನ, ಆದರೆ ಹವಾಮಾನಕ್ಕೆ ಬೇಗ ಬಾಗುತ್ತದೆ, ಬಿರುಕು ಬಿಡುತ್ತದೆ. ಪದರ ಪದರ ಅಂಟಿಸಿದ ಪ್ಲೈ ಮಲೆನಾಡಿನ ಮಳೆ ತಡೆದುಕೊಳ್ಳುತ್ತದೆ, ಮಗು ಬೀಳಿಸಿದರೂ ತಡೆದುಕೊಳ್ಳುತ್ತದೆ.

ಪಿಯುಸಿ ಹುಡುಗ

ಯುಕುಲೇಲೆ ಯಾರೂ ಹೇಳಲೇ ಇಲ್ಲ! ಗಿಟಾರಿನ ಥರದ್ದೇ ಚಿಕ್ಕ ವಾದ್ಯ, ನಾಲ್ಕೇ ತಂತಿ, ನೈಲಾನ್, ಅಗ್ಗ. ನನ್ನ ತಂಗಿ ಏಳನೇ ವಯಸ್ಸಿಗೆ ಅದರಲ್ಲೇ ಶುರು ಮಾಡಿದಳು, ಒಂದು ಬೆರಳಿಗೆ ಸಿ ಕಾರ್ಡ್, ಅಂದರೆ ಸಿ ಸ್ವರಗುಚ್ಛ, ಬಂದುಬಿಡುತ್ತದೆ ಆಂಟಿ. ಆಮೇಲೆ ಗಿಟಾರಿಗೆ ಬಂದಾಗ ಬೆರಳುಗಳ ಆಕಾರ ಅರ್ಧ ಗೊತ್ತೇ ಇತ್ತು.

ಆರು ತಂತಿ ಮೇಷ್ಟ್ರು, ಮೈಸೂರು

ಯುಕುಲೇಲೆ ಒಳ್ಳೆಯ ವಾದ್ಯವೇ ತಮ್ಮ, ಐದಾರು ವರ್ಷದ ಮಕ್ಕಳಿಗೆ ನಾನೂ ಹೇಳುತ್ತೇನೆ. ಆದರೆ ಈ ಮಗು ಐದು ತಿಂಗಳಿಂದ ಗಿಟಾರ್ ಅಂತಲೇ ಕೇಳುತ್ತಿದೆಯಲ್ಲ, ಗಿಟಾರೇ ಕೊಡಿಸೋಣ. ಒಂದು ಬೆರಳಿನ ಕಾರ್ಡ್ ಗಿಟಾರಿನಲ್ಲೂ ಇವೆ. ಕೆಳಗಿನ ಮೂರು ತಂತಿ ಮಾತ್ರ ಮೀಟುವುದಾದರೆ (ಅತಿ ತೆಳುವಾದದ್ದೇ ಮೊದಲ ತಂತಿ) ಎರಡನೇ ತಂತಿಯ ಮೊದಲ ಫ್ರೆಟ್ ಒತ್ತಿದರೆ ಸಿ, ಮೊದಲ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಜಿ. ಈ ಎರಡೇ ಇಟ್ಟುಕೊಂಡು ಎಷ್ಟೋ ಮಕ್ಕಳ ಹಾಡು ನುಡಿಸಬಹುದು.

ಮೇಡಂ, ನಿಮಗೆ ವೀಣೆ ಗೊತ್ತಿರುವುದು ದೊಡ್ಡ ಭಾಗ್ಯ. ವೀಣೆಯಲ್ಲಿ ಒಂದು ಸ್ಥಾಯಿಗೆ 12 ಮೆಟ್ಟಿಲು, ಗಿಟಾರಿಗೂ 12 ಫ್ರೆಟ್. ಮೂರನೇ ತಂತಿಯನ್ನು ಸ ಅಂತ ಇಟ್ಟುಕೊಳ್ಳಿ. 1ನೇ ಫ್ರೆಟ್ ರಿ, 4 ಗ, 5 ಮ, 7 ಪ, 8 ದ, 11 ನಿ, 12 ಮೇಲಿನ ಸ. ಮಾಯಾಮಾಳವಗೌಳ ಬಂತಲ್ಲ. ನಿಮ್ಮ ಸರಳೆ ಸ್ವರವನ್ನು ನೀವು ಹಾಡಿ, ಅವಳು ಒಂದೇ ತಂತಿಯಲ್ಲಿ ನುಡಿಸಲಿ. ವಾರದಲ್ಲಿ ಮೇಷ್ಟ್ರು ಬರುವುದು ಒಂದು ದಿನ, ಉಳಿದ ಆರು ದಿನ ಮನೆಯಲ್ಲಿ ನೀವಿದ್ದೀರಿ. ದಿನಕ್ಕೆ ಹತ್ತು ನಿಮಿಷ ಸಾಕು, ನೋವು ಅಂದರೆ ಅಲ್ಲಿಗೆ ನಿಲ್ಲಿಸಿ.

ತುಂಗಾ ತೀರ, ಶಿವಮೊಗ್ಗ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎರಡು ವಾರ ಆಯಿತು ಗಿಟಾರ್ ಬಂದು. ನೀವೆಲ್ಲಾ ಇಷ್ಟು ಸಮಯ ಕೊಟ್ಟಿರಿ, ಏನು ಮಾಡಿದೆವು ಅಂತ ಹೇಳಲೇಬೇಕು.

ಅಕ್ಕನ ಮನೆಗೆ ಬೆಂಗಳೂರಿಗೆ ಹೋದಾಗ ಮಗಳನ್ನು ಕರೆದುಕೊಂಡು ಎರಡು ಅಂಗಡಿ ಸುತ್ತಿದೆವು. ಪರ್ಸಿನಲ್ಲಿ ಐದು ಕಾರ್ಡ್ ಇರಲಿಲ್ಲ, ಮನೆಯವರದ್ದು ಮತ್ತು ಅಕ್ಕನದು ಎಲ್ಲಾ ಸೇರಿಸಿಕೊಂಡು ಹೋದೆ. ಮೊದಲ ಅಂಗಡಿಯಲ್ಲಿ ತೋರಿಸಿದ ಗಿಟಾರಿನಲ್ಲಿ ಐದು ಕಾರ್ಡ್ ಇಟ್ಟ ಮೇಲೂ ಜಾಗ ಉಳಿಯಿತು, ಹನ್ನೆರಡನೇ ಫ್ರೆಟ್ಟಿನ ಸ ನನ್ನ ಕಿವಿಗೇ ಏರು ಅನಿಸಿತು, ಬಿಟ್ಟೆವು. ಎರಡನೇ ಅಂಗಡಿಯಲ್ಲಿ 3/4 ನೈಲಾನ್ ಮೂರು ಇದ್ದವು. ಮಗಳ ಕೈಗೆ ಒಂದೊಂದಾಗಿ ಕೊಟ್ಟು ನಾನು ಬಾಯಿ ಮುಚ್ಚಿಕೊಂಡು ನಿಂತೆ. ಮೂರನ್ನೂ ಮಾಮೂಲಿ ಹಾಗೇ ಹಿಡಿದಳು, ಒಂದು ಸಲವೂ ತಿರುಗಿಸಲಿಲ್ಲ. ಎರಡನೆಯದನ್ನು ಹಿಡಿದವಳು ಬಿಡಲಿಲ್ಲ. ಅದರಲ್ಲಿ ನಾಲ್ಕು ಕಾರ್ಡ್ ಸರಿಯಾಗಿ ಹಿಡಿಯಿತು. ಬ್ಯಾಗ್, ಕ್ಲಾಸಿಕಲ್ ಕ್ಯಾಪೊ, ಕಾಲಡಿಗೆ ಇಡುವ ಚಿಕ್ಕ ಸ್ಟೂಲ್ ಎಲ್ಲಾ ಸೇರಿ ಹತ್ತು ಸಾವಿರಕ್ಕೆ ನಾಲ್ಕು ನೂರು ಜಾಸ್ತಿ ಆಯಿತು. ಅಂಗಡಿ ಹುಡುಗನೇ ಟ್ಯೂನರ್ ಆ್ಯಪ್ ಹಾಕಿಕೊಟ್ಟು ತೋರಿಸಿದ.

ಮೈದುನನ ಗಿಟಾರಿಗೆ ತೆಳು ತಂತಿ ಹಾಕಿಸಿದೆವು, ಅದನ್ನು ಮನೆಯವರು ಕಲಿಯುತ್ತಿದ್ದಾರೆ. ದಾವಣಗೆರೆಯವರ ಮಾತು ಅವರಿಗೆ ಬಹಳ ಹಿಡಿಸಿತು.

ಕ್ಯಾಪೊ ಎರಡನೇ ಫ್ರೆಟ್ಟಿನಲ್ಲಿದೆ. ಸಂಜೆ ನಾನು ಸರಿಗಮ ಹಾಡುತ್ತೇನೆ, ಅವಳು ನುಡಿಸುತ್ತಾಳೆ. ನಿನ್ನೆ ಪ ತನಕ ತಪ್ಪಿಲ್ಲದೆ ಹೋದಳು. ಬೆರಳು ಸ್ವಲ್ಪ ಉರಿ ಅಂತಾಳೆ, ಆದರೆ ಕಚ್ಚುತ್ತೆ ಅನ್ನಲಿಲ್ಲ. ಸುಮಾರು ಮೂವತ್ತು ವರ್ಷದ ಮೇಲೆ ನಾನು ಸರಳೆ ಹಾಡುತ್ತಿದ್ದೇನೆ. ದನಿ ನಡುಗುತ್ತದೆ, ಆದರೂ ಹಾಡುತ್ತೇನೆ.

ಒಂದು ಅನುಮಾನ ಮಾತ್ರ. ದಿನಾ ಸಂಜೆ ತೆಗೆದಾಗ ಶ್ರುತಿ ಇಳಿದಿರುತ್ತದೆ. ಗಿಟಾರಿನಲ್ಲಿ ಏನಾದರೂ ದೋಷವಾ?

ಮರ ಮತ್ತು ತಂತಿ, ಬೆಂಗಳೂರು

ದೋಷ ಅಲ್ಲ ಅಕ್ಕ. ಹೊಸ ನೈಲಾನ್ ತಂತಿ ಹಿಗ್ಗುತ್ತಾ ಇರುತ್ತದೆ, ನಿಲ್ಲಲು ಎರಡು ಮೂರು ವಾರವೂ ಹಿಡಿಯಬಹುದು. ಕ್ಯಾಪೊ ತೆಗೆದು, ಪ್ರತಿ ತಂತಿಯನ್ನು ಮಧ್ಯದಲ್ಲಿ ಬೆರಳಿನಿಂದ ಮೆಲ್ಲಗೆ ಮೇಲಕ್ಕೆ ಎಳೆದು ಬಿಟ್ಟು, ಮತ್ತೆ ಶ್ರುತಿಗೆ ತನ್ನಿ. ಹೀಗೆ ದಿನಕ್ಕೆರಡು ಸಲ ಮಾಡಿ. ಆ್ಯಪ್ ನೋಡುವ ಮೊದಲು, ಇಳಿದಿದೆಯಾ ಏರಿದೆಯಾ ಅಂತ ಮಗಳನ್ನೇ ಕೇಳಿ. ರಬ್ಬರ್ ಬ್ಯಾಂಡ್ ಬಿಗಿ ಮಾಡಿ ಸ್ವರ ಕಂಡುಕೊಂಡವಳಿಗೆ ಅದು ಗೊತ್ತಾಗುತ್ತದೆ.